ತಗ್ಗಿನ ಗದ್ದೆಯ ಸ್ವರ್ಣ: ಇಳುವರಿ ಬೀಜದ್ದಾ, ಜಾಗದ್ದಾ? ಒಂದು ಪ್ರಕರಣ ಅಧ್ಯಯನ

ಭತ್ತದ ಯಾವ ತಳಿ ಒಳ್ಳೇದು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ವಾಪಸ್ ಕೇಳೋದು, ಗದ್ದೆ ಎಲ್ಲಿದೆ, ನೀರು ಎಷ್ಟು ದಿನ ನಿಲ್ಲುತ್ತೆ ಅಂತ. ಎಕರೆಗೆ ಇಷ್ಟು ಕ್ವಿಂಟಾಲ್ ಅಂತ ಬೀಜದ ಚೀಲದ ಮೇಲೆ ಬರೆದಿರೋ ಲೆಕ್ಕ ಯಾವುದೋ ಒಂದು ಜಾಗದಲ್ಲಿ, ಯಾವುದೋ ಒಂದು ನೀರಿನ ಸ್ಥಿತಿಯಲ್ಲಿ ಬಂದದ್ದು, ಜಾಗ ಬದಲಾದ್ರೆ ಆ ಲೆಕ್ಕವೂ ಬದಲಾಗುತ್ತೆ. ಇದನ್ನ ಸರಿಯಾಗಿ ಅರ್ಥ ಮಾಡ್ಕೊಬೇಕು ಅಂದ್ರೆ ಸ್ವರ್ಣ ಅನ್ನೋ ತಳಿ ಒಡಿಶಾದ ನೆರೆ ಗದ್ದೆಗಳಲ್ಲಿ ಏನಾಯ್ತು, ಅದಕ್ಕೆ ಸಬ್1, ಅಂದ್ರೆ ಮುಳುಗಿದ್ರೂ ಗಿಡ ಬದುಕೋ ಹಾಗೆ ಮಾಡೋ ಜೀನ್ ಭಾಗ, ಸೇರಿಸಿದ ಮೇಲೆ ಏನಾಯ್ತು ಅಂತ ನೋಡಬೇಕು. ಭತ್ತದ ತಳಿ ಅಭಿವೃದ್ಧಿಯಲ್ಲಿ ಇಷ್ಟು ಸ್ಪಷ್ಟವಾಗಿ ಪಾಠ ಹೇಳೋ ಪ್ರಕರಣ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಗದ್ದೆ ಮತ್ತು ತಳಿ

ಒಡಿಶಾದ ಬಾಲಸೋರ್, ಭದ್ರಕ್ ಜಿಲ್ಲೆಗಳು ಬಂಗಾಳ ಕೊಲ್ಲಿಯ ಪಕ್ಕ ಇವೆ, ಸುವರ್ಣರೇಖಾ, ಬುಧಬಲಂಗ, ಬೈತರಣಿ ನದಿಗಳು ಆ ಕಡೆಯಿಂದ್ಲೇ ಸಮುದ್ರ ಸೇರ್ತವೆ. ಮುಂಗಾರಿನಲ್ಲಿ ಭತ್ತ ಬಿಟ್ಟು ಬೇರೆ ಏನೂ ಬೆಳೆಯೋಕಾಗದ ಜಮೀನು ಅಲ್ಲಿ ಬಹಳ. ನಮ್ಮ ಕರಾವಳಿ ಕಡೆ ಬೆಟ್ಟು, ಮಜಲು, ಬೈಲು ಅಂತಾರಲ್ಲ, ಅಲ್ಲೂ ಹಾಗೇ ಎತ್ತರದ ಜಾಗ, ನಡುವಿನ ಜಾಗ, ತಗ್ಗಿನ ಜಾಗ ಅಂತ ಇದೆ, ಒಂದೇ ಊರಲ್ಲಿ ಒಬ್ಬನೇ ರೈತನ ಮೂರು ತುಂಡು ಜಮೀನು ಮೂರು ಬೇರೆ ಬೇರೆ ಪರಿಸರ ಆಗಿರುತ್ತೆ. ಮಳೆ ಕೈಕೊಟ್ಟ ವರ್ಷ ಎತ್ತರದ್ದು ಒಣಗುತ್ತೆ, ಜಾಸ್ತಿ ಆದ ವರ್ಷ ತಗ್ಗಿನದ್ದು ಮುಳುಗುತ್ತೆ. ಆಗಸ್ಟ್ ಸೆಪ್ಟೆಂಬರಲ್ಲಿ ನದಿ ಉಕ್ಕಿ ಬಂದು ನಾಟಿ ಆದ ಪೈರು ಪೂರ್ತಿ ನೀರಿನಡಿ ಹೋಗಿ ಒಂದು ವಾರ, ಹತ್ತು ದಿನ ಹಾಗೇ ಇದ್ದು ಆಮೇಲೆ ನೀರಿಳಿಯೋದು ಅಲ್ಲಿ ಹೊಸದೇನಲ್ಲ. ದಕ್ಷಿಣ ಏಷ್ಯಾದಲ್ಲಿ ಹೀಗೆ ದಿಢೀರ್ ನೆರೆಗೆ ಸಿಕ್ಕೋ ಭತ್ತದ ಜಮೀನು ಒಂದು ಕೋಟಿ ಹೆಕ್ಟೇರಿಗಿಂತ ಜಾಸ್ತಿ ಇದೆ.

ಇಂಥಾ ಜಾಗದಲ್ಲಿ ರೈತರು ಹಾಕ್ತಿದ್ದದ್ದು ಸ್ವರ್ಣ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮಾರುಟೇರು ಸಂಶೋಧನಾ ಕೇಂದ್ರದಲ್ಲಿ ವಸಿಷ್ಠ ಮತ್ತು ಮಹಸೂರಿ ತಳಿಗಳನ್ನ ಕ್ರಾಸ್ ಮಾಡಿ ತೆಗೆದದ್ದು, ಎಂಟಿಯು 7029 ಅನ್ನೋದು ಅದರ ನಂಬರ್. ಗೋದಾವರಿ ಡೆಲ್ಟಾದ ನೀರಾವರಿ ಗದ್ದೆ ನೋಡಿ ಮಾಡಿದ ತಳಿ, ಆದ್ರೆ ಅದು ಹರಡಿದ್ದು ಒಡಿಶಾ, ಪಶ್ಚಿಮ ಬಂಗಾಳ, ಬಿಹಾರ, ಉತ್ತರ ಪ್ರದೇಶದ ಪೂರ್ವ ಭಾಗ, ಗಡಿ ದಾಟಿ ಬಾಂಗ್ಲಾದೇಶಕ್ಕೂ. ಯಾಕೆ ಅಂದ್ರೆ ಗಿಡ ಗಿಡ್ಡ, ಬೀಳಲ್ಲ, ತೆಂಡೆ, ಅಂದ್ರೆ ಬುಡದಿಂದ ಒಡೆಯೋ ಕವಲು, ಚೆನ್ನಾಗಿ ಬರುತ್ತೆ, ಗೊಬ್ಬರ ಕಮ್ಮಿ ಹಾಕಿದ್ರೂ ಒಂದು ಮಟ್ಟದ ಇಳುವರಿ ಕೊಡುತ್ತೆ, ಮಳೆ ತಡವಾಗಿ ಸಸಿಗೆ ವಯಸ್ಸಾದ ಮೇಲೆ ನಾಟಿ ಮಾಡಿದ್ರೂ ತಡ್ಕೊಳ್ಳುತ್ತೆ, ಸುಮಾರು 145 ದಿನದ ಬೆಳೆ ಆದ್ದರಿಂದ ತಗ್ಗಿನ ಗದ್ದೆಯಲ್ಲಿ ನೀರಿಳಿಯೋ ಹೊತ್ತಿಗೆ ಕೊಯ್ಲಿಗೆ ಬರುತ್ತೆ. ಅಕ್ಕಿ ಜನರಿಗೆ ಒಗ್ಗಿದೆ, ಮಿಲ್ಲಿನವರಿಗೂ ಗೊತ್ತು, ಮಾರೋಕೆ ತೊಂದರೆ ಇಲ್ಲ. ಇಷ್ಟೆಲ್ಲ ಗುಣ ಒಂದೇ ಬೀಜದಲ್ಲಿ ಸಿಗೋದು ಸುಲಭ ಅಲ್ಲ. ಒಂದೇ ಒಂದು ತೊಂದರೆ, ಪೂರ್ತಿ ಮುಳುಗಿದ್ರೆ ಸಾಯುತ್ತೆ.

ಹಾಗಿದ್ರೂ ರೈತರು ಅದನ್ನ ಬಿಡಲಿಲ್ಲ, ಈ ಪ್ರಕರಣದಲ್ಲಿ ತುಂಬಾ ಮುಖ್ಯವಾದ ಮಾಹಿತಿ ಇದೇ ಅಂತ ನನಗನಿಸೋದು. ನೆರೆ ತಡೆಯೋ ನಾಡತಳಿಗಳು ಅಲ್ಲೇ ಇದ್ವು, ಅವರಿಗೆ ಗೊತ್ತಿಲ್ಲದೇ ಇರಲಿಲ್ಲ, ಆದ್ರೂ ನೆರೆ ಬರದ ವರ್ಷಗಳಲ್ಲಿ ಸ್ವರ್ಣ ಕೊಡೋ ಇಳುವರಿ ಅಷ್ಟು ಜಾಸ್ತಿ ಇದ್ದದ್ರಿಂದ ಮುಳುಗೋ ರಿಸ್ಕ್ ತಲೆ ಮೇಲೆ ಹೊತ್ಕೊಂಡೇ ಬಹಳ ಜನ ಅದನ್ನೇ ಹಾಕಿದ್ರು. ಅವರ ಆಯ್ಕೆಯನ್ನ ಅಜ್ಞಾನ ಅಂತ ತಳ್ಳಿಹಾಕಿದ್ದಿದ್ರೆ ಮುಂದಿನ ಕೆಲಸ ಯಾವುದೂ ಆಗ್ತಿರಲಿಲ್ಲ.

ಗಿಡ್ಡ ಭತ್ತ ಮತ್ತು ನೀರು

ಸ್ವಲ್ಪ ಹಿಂದಕ್ಕೆ ಹೋಗಬೇಕು. 1966ರಲ್ಲಿ ಫಿಲಿಪೈನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ಅಂದ್ರೆ ಇರ್ರಿ, ಐಆರ್8 ಬಿಡುಗಡೆ ಮಾಡ್ತು. ಇಂಡೋನೇಷ್ಯಾದ ಎತ್ತರದ ಪೇಟಾ ತಳಿಗೆ ತೈವಾನಿನ ಗಿಡ್ಡ ತಳಿ ಡೀ-ಜಿಯೋ-ವೂ-ಜೆನ್ ಸೇರಿಸಿ ಮಾಡಿದ್ದು. ಗೊಬ್ಬರ ಹಾಕಿದ್ರೆ ಎತ್ತರದ ತಳಿಗಳು ಉದ್ದ ಬೆಳೆದು ಮಲಗಿಬಿಡ್ತಿದ್ವು, ಗಿಡ್ಡ ತಳಿ ನಿಂತ್ಕೊಂಡು ಕಾಳು ತುಂಬಿಸ್ತಿತ್ತು. ಏಷ್ಯಾದ ಭತ್ತದ ಇಳುವರಿ ಅಷ್ಟು ಏರೋಕೆ ದೊಡ್ಡ ಕಾರಣ ಇದು, ಸರಿ. ಆದ್ರೆ ಎಲ್ಲಿ? ನೀರನ್ನ ಬೇಕಾದಾಗ ಬಿಟ್ಟು ಬೇಡದಾಗ ಕಟ್ಟೋಕಾಗೋ ಗದ್ದೆಗಳಲ್ಲಿ. ತೂಬು ತೆಗೆದ್ರೆ ನೀರು ಹೋಗುತ್ತೆ ಅನ್ನೋ ಜಾಗದಲ್ಲಿ ಗಿಡ್ಡ ಇರೋದು ವರ, ನೀರು ಎಲ್ಲಿಂದ ಬರುತ್ತೆ ಯಾವಾಗ ಹೋಗುತ್ತೆ ಅಂತ ರೈತನ ಕೈಲಿ ಇಲ್ಲದ ಜಾಗದಲ್ಲಿ ಅದೇ ಗಿಡ್ಡತನ ಕುತ್ತು, ಯಾಕಂದ್ರೆ ಅಷ್ಟೇ ನೀರಿಗೆ ಅದು ಬೇಗ ಮುಳುಗುತ್ತೆ. ಒಂದೇ ಗುಣ, ಒಂದು ಪರಿಸರದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ತಳಿ ವಿಜ್ಞಾನಿಗಳು ತಳಿ ಮತ್ತು ಪರಿಸರದ ಪರಸ್ಪರ ಪ್ರಭಾವ ಅಂತ ಹೇಳೋದು ಇದನ್ನೇ. ಐದು ಜಾಗದಲ್ಲಿ ಹತ್ತು ತಳಿ ಹಾಕಿ ನೋಡಿದ್ರೆ ಜಾಗದಿಂದ ಜಾಗಕ್ಕೆ ಮೊದಲ ಸ್ಥಾನ ಬದಲಾಗುತ್ತೆ, ಬರೀ ಇಳುವರಿ ಏರಿಳಿಯೋದಲ್ಲ, ಕ್ರಮವೇ ಅದಲು ಬದಲು ಆಗುತ್ತೆ.

ಮುಳುಗಿದ ಪೈರಿಗೆ ಏನಾಗುತ್ತೆ

ಭತ್ತ ನೀರಲ್ಲಿ ಬೆಳೆಯೋ ಬೆಳೆ ತಾನೇ, ಮುಳುಗಿದ್ರೆ ಯಾಕೆ ಸಾಯಬೇಕು ಅಂತ ಕೇಳೋರು ಇದ್ದಾರೆ, ಕೇಳಬೇಕಾದ ಪ್ರಶ್ನೆನೇ. ಬುಡ ನೀರಲ್ಲಿದ್ದು ಎಲೆ ಗಾಳಿಯಲ್ಲಿ ಇದ್ರೆ ಏನೂ ಆಗಲ್ಲ, ಎಲೆಯಿಂದ ಗಾಳಿ ಕಾಂಡದ ಒಳಗಿನ ಟೊಳ್ಳು ದಾರಿಯಲ್ಲಿ ಬೇರಿಗೆ ಇಳಿಯುತ್ತೆ. ಎಲೆಯ ತುದಿಯೂ ಮುಳುಗಿದಾಗ ಕಥೆ ಬೇರೆ. ನೀರಲ್ಲಿ ಆಕ್ಸಿಜನ್ ಆಗಲಿ ಕಾರ್ಬನ್ ಡೈಆಕ್ಸೈಡ್ ಆಗಲಿ ಗಾಳಿಯಲ್ಲಿ ಹರಡೋದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತೆ. ಉಸಿರಾಟಕ್ಕೂ ಇಲ್ಲ, ಆಹಾರ ತಯಾರಿಗೂ ಇಲ್ಲ. ನೆರೆ ನೀರು ಕೆಂಪಗೆ ಮಣ್ಣು ತುಂಬ್ಕೊಂಡು ಬಂದಿರುತ್ತೆ, ಬೆಳಕೂ ಒಳಗೆ ಹೋಗಲ್ಲ.

ಈ ಹೊತ್ತಲ್ಲಿ ಗಿಡದ ಒಳಗೆ ಉತ್ಪತ್ತಿ ಆಗೋ ಎಥಿಲೀನ್ ಅನಿಲ ಹೊರಗೆ ಹೋಗೋಕಾಗದೆ ಒಳಗೇ ತುಂಬ್ಕೊಳ್ಳುತ್ತೆ. ಅದು ಜಿಬ್ಬರೆಲಿನ್ ಹಾರ್ಮೋನಿನ ಕೆಲಸ ಜಾಸ್ತಿ ಮಾಡಿಸುತ್ತೆ, ಗಿಡ ಉದ್ದ ಬೆಳೆಯೋಕೆ ಶುರು ಮಾಡುತ್ತೆ, ನೀರಿನ ಮೇಲೆ ತಲೆ ಎತ್ತಬೇಕು ಅಂತ. ಆಳ ನೀರಿನ ಭತ್ತದ ತಳಿಗಳಿಗೆ ಇದೇ ದಾರಿ ಸರಿ, ನೀರು ಏರಿದ ಹಾಗೆ ಅವೂ ಮೀಟರ್‌ಗಟ್ಟಲೆ ಉದ್ದ ಬೆಳೆದು ಮೇಲೆ ಬರ್ತವೆ, ತಿಂಗಳುಗಟ್ಟಲೆ ನೀರಿರೋ ಜಾಗಕ್ಕೆ ಅದು ಬೇಕೇ ಬೇಕು. ಆದ್ರೆ ಹತ್ತು ದಿನಕ್ಕೆ ಇಳಿದು ಹೋಗೋ ನೆರೆಗೆ ಅದು ತಪ್ಪು ಲೆಕ್ಕ. ಸ್ವರ್ಣದಂಥ ಗಿಡ ಕಾಂಡದಲ್ಲಿ ಕೂಡಿಟ್ಟ ಪಿಷ್ಟ, ಸಕ್ಕರೆ ಎಲ್ಲ ಖರ್ಚು ಮಾಡಿ ಉದ್ದ ಆಗುತ್ತೆ, ಎಲೆಯ ಹಸಿರು ಕಳ್ಕೊಳ್ಳುತ್ತೆ, ಅಷ್ಟೊತ್ತಿಗೆ ನೀರಿಳಿಯುತ್ತೆ, ಬಳಿಕ ನಿಲ್ಲೋಕೆ ಶಕ್ತಿ ಇಲ್ಲದೆ ಕೆಸರಲ್ಲಿ ಮಲಗಿ ಕೊಳೆತು ಹೋಗುತ್ತೆ.

ಸಬ್1 ಇರೋ ಗಿಡ ಅದಕ್ಕೆ ಉಲ್ಟಾ. ಅದು ಉಸಿರು ಬಿಗಿಹಿಡ್ಕೊಂಡು ಕೂತ ಈಜುಗಾರನ ಹಾಗೆ, ಬೆಳವಣಿಗೆ ನಿಲ್ಲಿಸಿ, ಕೂಡಿಟ್ಟದ್ದನ್ನ ಖರ್ಚು ಮಾಡದೆ ಕಾಯುತ್ತೆ. ಸಬ್1ಎ ಅನ್ನೋ ಜೀನ್ ಎಥಿಲೀನ್ ಬಂದಾಗ್ಲೇ ಚಾಲೂ ಆಗುತ್ತೆ, ಆದ್ರೆ ಜಿಬ್ಬರೆಲಿನ್ ಮಾತು ಗಿಡ ಕೇಳದ ಹಾಗೆ ಬ್ರೇಕ್ ಹಾಕುತ್ತೆ. ನೀರಿಳಿದ ಮೇಲೆ ಉಳಿಸಿಟ್ಟ ಸಕ್ಕರೆಯಿಂದ ಹೊಸ ಎಲೆ ತೆಗೆಯುತ್ತೆ. ಹತ್ತರಿಂದ ಹದಿನಾಲ್ಕು ದಿನ ಪೂರ್ತಿ ಮುಳುಗಿದ್ರೂ ಬದುಕೋ ಸಾಧ್ಯತೆ ಚೆನ್ನಾಗಿದೆ, ನೀರು ತಿಳಿಯಾಗಿ ತಣ್ಣಗೆ ಇದ್ರೆ ಇನ್ನೂ ಎರಡು ಮೂರು ದಿನ ಜಾಸ್ತಿ, ಬಿಸಿ ಕೆಸರು ನೀರಾದ್ರೆ ಕಮ್ಮಿ. ನೆರೆ ಬಂದಿಲ್ಲ ಅಂದ್ರೆ ಆ ಜೀನ್ ಸುಮ್ಮನೆ ಇರುತ್ತೆ, ಇಳುವರಿಗೆ ಕೈ ಹಾಕಲ್ಲ, ಇದು ತುಂಬಾ ದೊಡ್ಡ ಅದೃಷ್ಟ, ಎಲ್ಲಾ ಸಹಿಷ್ಣುತೆ ಗುಣಗಳಲ್ಲಿ ಹೀಗಾಗಲ್ಲ.

ಜೀನ್ ಬಂದ ದಾರಿ

ಈ ಗುಣ ಸಿಕ್ಕಿದ್ದು ಎಫ್‌ಆರ್13ಎ ಅನ್ನೋ ತಳಿಯಲ್ಲಿ, ಅದು ಧಲಪುಟಿಯಾ ಅನ್ನೋ ಒಡಿಶಾದ ನಾಡತಳಿಯಿಂದಲೇ ಆರಿಸಿ ತೆಗೆದದ್ದು. ಅಂದ್ರೆ ಮುಳುಗಡೆ ತಡೆಯೋ ಗಿಡವನ್ನ ತಲೆತಲಾಂತರದಿಂದ ಕಾಪಾಡ್ಕೊಂಡು ಬಂದದ್ದು ಅದೇ ನೆಲದ ರೈತರು. 1970ರ ದಶಕದಲ್ಲಿ ಇರ್ರಿಯವರು ತಮ್ಮ ಸಂಗ್ರಹದ ತಳಿಗಳನ್ನ ಕೊಳದಲ್ಲಿ ಮುಳುಗಿಸಿ ಪರೀಕ್ಷೆ ಮಾಡಿದಾಗ ಚೆನ್ನಾಗಿ ಉಳಿದವುಗಳಲ್ಲಿ ಇದು ಮುಂದಿತ್ತು. ಪರೀಕ್ಷೆ ಸರಳ, ಸಸಿ ನೆಟ್ಟು ಎರಡು ವಾರ ಪೂರ್ತಿ ಮುಳುಗಿಸೋದು, ನೀರು ಬಸಿದು ಇನ್ನೊಂದೆರಡು ವಾರ ಕಾದು ಎಷ್ಟು ಗಿಡ ಹೊಸ ಎಲೆ ಬಿಟ್ಟಿದೆ ಅಂತ ಎಣಿಸೋದು.

ಗುಣ ಸಿಕ್ಕಿದ ಮೇಲೂ ರೈತರ ಕೈಗೆ ಬೀಜ ಬರೋಕೆ ಮೂವತ್ತು ವರ್ಷ ಯಾಕೆ ಬೇಕಾಯ್ತು? ಎಫ್‌ಆರ್13ಎ ಎತ್ತರ, ಇಳುವರಿ ಕಮ್ಮಿ, ಅಕ್ಕಿ ಒಪ್ಪೋ ಥರದ್ದಲ್ಲ. ಅದನ್ನ ಒಳ್ಳೆ ತಳಿ ಜೊತೆ ಕ್ರಾಸ್ ಮಾಡಿದ್ರೆ ಮುಳುಗಡೆ ಗುಣದ ಜೊತೆ ಬೇಡದ ಗುಣಗಳೂ ಗುಂಪಾಗಿ ಬರ್ತಿದ್ವು. ತಳಿ ವಿಜ್ಞಾನಿ ಡೇವಿಡ್ ಮ್ಯಾಕಿಲ್ ಮತ್ತು ಇರ್ರಿಯ ಇತರರು 1980ರ ದಶಕದಲ್ಲಿ ಐಆರ್49830-7 ಥರದ ಸಾಲುಗಳನ್ನ ತಯಾರು ಮಾಡಿದ್ರು, ಗಿಡ್ಡ, ಇಳುವರಿ ಪರವಾಗಿಲ್ಲ, ಮುಳುಗಡೆಯೂ ತಡೆಯುತ್ತೆ. ಆದ್ರೂ ಅದು ದೊಡ್ಡ ಮಟ್ಟದಲ್ಲಿ ಹರಡಲಿಲ್ಲ. ಯಾಕಂದ್ರೆ ಅದು ರೈತರು ಕೇಳಿದ ತಳಿ ಅಲ್ಲ. ಅವರ ಗದ್ದೆಗೆ ಹೊಂದೋ ಅವಧಿ, ಅವರ ಬಾಯಿಗೆ ಹಿಡಿಸೋ ಅನ್ನ, ಅವರ ಮಿಲ್ಲಿನವನು ಕೊಳ್ಳೋ ಕಾಳು ಇವು ಯಾವುದೂ ಅದರಲ್ಲಿ ಸ್ವರ್ಣದ ಹಾಗೆ ಇರಲಿಲ್ಲ. ನೆರೆ ಬರೋ ಒಂದು ವರ್ಷಕ್ಕೋಸ್ಕರ ನೆರೆ ಬರದ ನಾಲ್ಕು ವರ್ಷದ ಬೆಳೆ ಬದಲಾಯಿಸಿ ಅಂದ್ರೆ ಯಾರು ಬದಲಾಯಿಸ್ತಾರೆ?

ದಾರಿ ತೆರೆದದ್ದು ಕೆನಾಂಗ್ ಶು ಮತ್ತು ಮ್ಯಾಕಿಲ್ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಾಡಿದ ಕೆಲಸ. 1996ರಲ್ಲಿ ಅವರು ಈ ಗುಣದ ಬಹುಭಾಗ, ಹತ್ತತ್ರ 70 ಪರ್ಸೆಂಟ್, ಒಂಬತ್ತನೇ ಕ್ರೋಮೋಸೋಮಿನ ಒಂದೇ ಜಾಗದಿಂದ ಬರ್ತಿದೆ ಅಂತ ತೋರಿಸಿದ್ರು, ಆ ಜಾಗಕ್ಕೇ ಸಬ್1 ಅಂತ ಹೆಸರು. ಇಷ್ಟು ಸಂಕೀರ್ಣವಾಗಿ ಕಾಣೋ ಗುಣ ಒಂದೇ ಜಾಗದಲ್ಲಿ ಕೂತಿದೆ ಅನ್ನೋದು ಆಗ ಸಣ್ಣ ಸುದ್ದಿ ಅಲ್ಲ. ಹತ್ತು ವರ್ಷ ಆದ ಮೇಲೆ, 2006ರಲ್ಲಿ, ಪಮೇಲಾ ರೊನಾಲ್ಡ್, ಜೂಲಿಯಾ ಬೈಲಿ-ಸೆರೆಸ್, ಅಬ್ದೆಲ್‌ಬಾಗಿ ಇಸ್ಮಾಯಿಲ್ ಮುಂತಾದವರ ಜೊತೆ ಸೇರಿ ಆ ಜಾಗದಲ್ಲಿ ಇರೋ ಜೀನ್ ಯಾವುದು ಅಂತ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಅಲ್ಲಿ ಒಂದೇ ಥರದ ಮೂರು ಜೀನ್ ಸಾಲಾಗಿವೆ, ಸಬ್1ಎ, ಸಬ್1ಬಿ, ಸಬ್1ಸಿ, ಕೆಲಸ ಮಾಡೋದು ಸಬ್1ಎ. ಜಪಾನ್ ಕಡೆ ಬೆಳೆಯೋ ಜಪೋನಿಕಾ ಗುಂಪಿನ ಭತ್ತಗಳಲ್ಲಿ ಅದು ಇಲ್ಲವೇ ಇಲ್ಲ, ಸ್ವರ್ಣದಲ್ಲಿ ಇದೆ ಆದ್ರೆ ಮುಳುಗಡೆ ತಡೆಯದ ರೂಪದಲ್ಲಿ ಇದೆ.

ಮುಂದಿನ ಕೆಲಸ ಇರ್ರಿಯಲ್ಲಿ ನಡೀತು. ಐಆರ್49830-7ನ್ನ ಸ್ವರ್ಣಕ್ಕೆ ಕ್ರಾಸ್ ಮಾಡಿ, ಬಂದ ಗಿಡವನ್ನ ಮತ್ತೆ ಸ್ವರ್ಣಕ್ಕೇ ಕ್ರಾಸ್ ಮಾಡೋದು, ಅದನ್ನ ಮತ್ತೆ, ಇದಕ್ಕೇ ಬ್ಯಾಕ್‌ಕ್ರಾಸ್ ಅನ್ನೋದು. ಪ್ರತಿ ಸಲ ಹೊರಗಿನ ಪಾಲು ಅರ್ಧ ಆಗುತ್ತೆ, 50, 25, 12.5 ಹೀಗೆ. ಬರೀ ಕಣ್ಣಲ್ಲಿ ನೋಡಿ ಆರಿಸಿದ್ರೆ ಆರೇಳು ತಲೆಮಾರು ಬೇಕಾಗುತ್ತೆ. ಡಿಎನ್‌ಎ ಮಾರ್ಕರ್, ಅಂದ್ರೆ ಯಾವ ಭಾಗ ಬಂದಿದೆ ಅಂತ ತೋರಿಸೋ ಗುರುತು, ಇದ್ದದ್ರಿಂದ ಸಸಿ ಹಂತದಲ್ಲೇ ಎಲೆಯ ಚೂರು ತೆಗೆದು ಮೂರು ವಿಷಯ ನೋಡಬಹುದಾಯ್ತು: ಸಬ್1 ಬಂದಿದೆಯಾ, ಸಬ್1 ಅಕ್ಕಪಕ್ಕದ ಬೇಡದ ತುಂಡು ಕತ್ತರಿಸಿ ಹೋಗಿದೆಯಾ, ಉಳಿದ ಕ್ರೋಮೋಸೋಮುಗಳಲ್ಲಿ ಸ್ವರ್ಣದ ಭಾಗ ಎಷ್ಟು ವಾಪಸ್ ಬಂದಿದೆ. ನೂರಾರು ಸಸಿಯಲ್ಲಿ ಈ ಮೂರೂ ಸರಿ ಇರೋ ಒಂದೆರಡನ್ನ ಹಿಡಿದು ಮುಂದೆ ಹೋದ್ರು, ಎರಡು ಮೂರು ಬ್ಯಾಕ್‌ಕ್ರಾಸಿಗೆ ಕೆಲಸ ಮುಗೀತು. ಇದು ಕುಲಾಂತರಿ ಅಲ್ಲ, ಭತ್ತಕ್ಕೆ ಭತ್ತವನ್ನೇ ಪರಾಗಸ್ಪರ್ಶ ಮಾಡಿಸಿ ತೆಗೆದದ್ದು, ಆರಿಸೋ ವಿಧಾನ ಮಾತ್ರ ಹೊಸದು. ಅದಕ್ಕೇ ಅನುಮತಿಯ ಗೊಡವೆ ಇಲ್ಲದೆ ಸಾಮಾನ್ಯ ತಳಿಯ ದಾರಿಯಲ್ಲೇ ಬಂತು. ಭಾರತದಲ್ಲಿ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆ ಸೇರಿದಂತೆ ಕೆಲವು ಕಡೆ ಪರೀಕ್ಷೆ ಆಗಿ 2009ರಲ್ಲಿ ಸ್ವರ್ಣ ಸಬ್1 ಬಿಡುಗಡೆ ಆಯ್ತು. ಮರು ವರ್ಷ ಬಾಂಗ್ಲಾದೇಶದಲ್ಲಿ ಅದೇ ಬ್ರಿ ಧಾನ್51 ಅನ್ನೋ ಹೆಸರಲ್ಲಿ ಬಂತು, ಅವರ ಬಿಆರ್11 ತಳಿಗೆ ಸಬ್1 ಸೇರಿಸಿದ್ದು ಬ್ರಿ ಧಾನ್52 ಆಯ್ತು.

ಸ್ವರ್ಣಕ್ಕೂ ಸ್ವರ್ಣ ಸಬ್1ಕ್ಕೂ ಗದ್ದೆಯಲ್ಲಿ ವ್ಯತ್ಯಾಸ ಹೇಳೋದು ಕಷ್ಟ, ಎತ್ತರ, ತೆಂಡೆ, ಅವಧಿ, ಕಾಳಿನ ಗಾತ್ರ ಎಲ್ಲ ಒಂದೇ. ಆದ್ರೆ ಭತ್ತ ಕೈಲಿ ಹಿಡಿದು ನೋಡಿದ್ರೆ ಗೊತ್ತಾಗುತ್ತೆ. ಸ್ವರ್ಣದ ಸಿಪ್ಪೆಯ ಗೀರುಗಳಲ್ಲಿ ಕಂದು ಬಣ್ಣ ಇರುತ್ತೆ, ಒಟ್ಟಾರೆ ಚಿನ್ನದ ಛಾಯೆ. ಸಬ್1 ಭತ್ತದ ಸಿಪ್ಪೆ ಹುಲ್ಲಿನ ಬಣ್ಣ. ಆ ಕಂದು ಬಣ್ಣ ತಡೆಯೋ ಜೀನ್ ಸಬ್1 ಪಕ್ಕದಲ್ಲೇ ಅಂಟ್ಕೊಂಡ ಹಾಗಿದೆ, ಸಬ್1 ಜೊತೆ ಅದೂ ಬಂತು. ಒಳಗಿನ ಅಕ್ಕಿಗೆ ಏನೂ ವ್ಯತ್ಯಾಸ ಇಲ್ಲ. ಲ್ಯಾಬಿಲ್ಲದ ಊರಲ್ಲಿ ಬೀಜ ಅಸಲಿಯಾ, ಕಲಬೆರಕೆಯಾ ಅಂತ ರೈತರೇ ನೋಡ್ಕೊಳ್ಳೋಕೆ ಇದು ಗುರುತಾಯ್ತು.

128 ಹಳ್ಳಿಗಳ ಪರೀಕ್ಷೆ

ಸಂಶೋಧನಾ ಕೇಂದ್ರದ ಕೊಳದಲ್ಲಿ ಉಳಿದ ಗಿಡ ರೈತರ ಗದ್ದೆಯಲ್ಲೂ ಹಾಗೇ ಉಳಿಯುತ್ತಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು 2011ರಲ್ಲಿ ಭದ್ರಕ್ ಮತ್ತು ಬಾಲಸೋರ್ ಜಿಲ್ಲೆಗಳ 128 ಹಳ್ಳಿಗಳಲ್ಲಿ ನಡೆದ ಪ್ರಯೋಗ. ಅರ್ಧದಷ್ಟು, ಅಂದ್ರೆ 64 ಹಳ್ಳಿಗಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ರೈತರಿಗೆ 5 ಕೆಜಿ ಸ್ವರ್ಣ ಸಬ್1 ಬೀಜದ ಮಿನಿಕಿಟ್ ಕೊಟ್ರು, ಉಳಿದ 64ರಲ್ಲಿ ಕೊಡಲಿಲ್ಲ. ಮಂಝೂರ್ ದಾರ್, ಅಲೈನ್ ಡಿ ಜನ್ವ್ರಿ, ಕೈಲ್ ಎಮೆರಿಕ್, ಎಲಿಸಬೆತ್ ಸಡೌಲೆ ಮುಂತಾದವರು ಇದನ್ನ ನಡೆಸಿದ್ರು. ಆ ವರ್ಷ ಸೆಪ್ಟೆಂಬರಲ್ಲಿ ಒಡಿಶಾಕ್ಕೆ ಜೋರು ನೆರೆ ಬಂತು, ಕೆಲವು ಗದ್ದೆ ಮುಳುಗಿದ್ವು, ಕೆಲವು ಇಲ್ಲ, ಮುಳುಗಿದವುಗಳಲ್ಲೂ ಕೆಲವು ಮೂರು ದಿನ, ಕೆಲವು ಎರಡು ವಾರ.

2013ರಲ್ಲಿ ಪ್ರಕಟ ಆದ ಫಲಿತಾಂಶ ಹೀಗಿದೆ: ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಸ್ವರ್ಣಕ್ಕಿಂತ ಸ್ವರ್ಣ ಸಬ್1 ಸುಮಾರು 45 ಪರ್ಸೆಂಟ್ ಜಾಸ್ತಿ ಇಳುವರಿ, ಮುಳುಗದ ಗದ್ದೆಯಲ್ಲಿ ಎರಡಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. 45 ಪರ್ಸೆಂಟ್ ಜಾಸ್ತಿ ಅಂದ್ರೆ ಪೂರ್ತಿ ಬೆಳೆ ಉಳೀತು ಅಂತಲ್ಲ, ಸಬ್1ಗೂ ನಷ್ಟ ಆಗುತ್ತೆ, ಆದ್ರೆ ಊಟಕ್ಕೆ, ಮುಂದಿನ ವರ್ಷದ ಬೀಜಕ್ಕೆ, ಒಂದಿಷ್ಟು ಮಾರೋಕೆ ಭತ್ತ ಇರುತ್ತೆ. ಅವರು ಗಮನಿಸಿದ ಇನ್ನೊಂದು ವಿಷಯ ನನ್ನನ್ನ ತುಂಬಾ ತಟ್ಟಿದ್ದು, ಪರಿಶಿಷ್ಟ ಜಾತಿಯ ರೈತರ ಜಮೀನು ಬೇರೆಯವರದಕ್ಕಿಂತ ಜಾಸ್ತಿ ನೆರೆ ಬರೋ ತಗ್ಗಿನಲ್ಲಿತ್ತು. ಒಳ್ಳೆ ಎತ್ತರದ ಜಮೀನು ಯಾರ ಕೈಲಿ ಉಳೀತು, ಮುಳುಗೋದು ಯಾರ ಪಾಲಿಗೆ ಬಂತು ಅನ್ನೋ ಹಳೇ ಅನ್ಯಾಯ ಗದ್ದೆಯ ಎತ್ತರದಲ್ಲೇ ಬರೆದಿದೆ. ಹಾಗಾಗಿ ಮುಳುಗಡೆ ತಡೆಯೋ ಬೀಜದ ಲಾಭ ಅವರಿಗೇ ಹೆಚ್ಚು ಮುಟ್ಟುತ್ತೆ. ಪರಿಸರಕ್ಕೆ ತಕ್ಕ ತಳಿ ಅನ್ನೋದು ಬರೀ ಕೃಷಿ ವಿಜ್ಞಾನದ ಮಾತಲ್ಲ, ಯಾವ ಪರಿಸರ ಮೊದಲು ಅಂತ ಆರಿಸೋದ್ರಲ್ಲಿ ಯಾರು ಮೊದಲು ಅನ್ನೋದೂ ಸೇರಿದೆ.

ಎರಡನೇ ವರ್ಷ ಸಿಕ್ಕ ಫಲಿತಾಂಶ ಇನ್ನೂ ದೊಡ್ಡದು. ಬೀಜ ಸಿಕ್ಕ ರೈತರು ನಡೆದುಕೊಳ್ಳೋ ರೀತಿಯೇ ಬದಲಾಗಿತ್ತು. ಭತ್ತದ ಜಾಗ ಜಾಸ್ತಿ ಮಾಡಿದ್ರು, ಗೊಬ್ಬರ ಜಾಸ್ತಿ ಹಾಕಿದ್ರು, ಬೀಜ ಎರಚಿ ಬಿಡೋದು ಕಮ್ಮಿ ಮಾಡಿ ನಾಟಿಗೆ ಕೂಲಿ ಖರ್ಚು ಮಾಡಿದ್ರು, ಸಾಲ ತಗೊಳ್ಳೋದೂ ಹೆಚ್ಚಾಯ್ತು. ಯಾಕೆ ಅಂತ ಯೋಚನೆ ಮಾಡಿ. ಬೆಳೆ ಮುಳುಗಿ ಹೋಗಬಹುದು ಅನ್ನೋ ಭಯ ಇದ್ದಾಗ ಯಾವ ರೈತ ಎಕರೆಗೆ ಇನ್ನೊಂದು ಚೀಲ ಯೂರಿಯಾ ಹಾಕ್ತಾನೆ, ಹಾಕಿದ್ದು ನೀರಿಗೆ ಹೋಗುತ್ತೆ. ಆ ಭಯದಿಂದಾಗಿ ನೆರೆ ಬರದ ವರ್ಷವೂ ಅವನ ಇಳುವರಿ ಕಮ್ಮಿನೇ ಇರುತ್ತೆ. ಭಯ ಇಳಿದಾಗ ನೆರೆ ಬರದ ವರ್ಷದ ಇಳುವರಿ ಕೂಡ ಏರುತ್ತೆ. ಒಂದು ಜೀನಿನ ಬೆಲೆ ಲೆಕ್ಕ ಹಾಕುವಾಗ ಮುಳುಗಿದ ಗದ್ದೆ ಮಾತ್ರ ನೋಡಿದ್ರೆ ಅರ್ಧ ಲೆಕ್ಕ ಬಿಟ್ಟುಹೋಗುತ್ತೆ.

ಸರಾಸರಿ ಅನ್ನೋ ತೊಂದರೆ

ತಳಿ ಬಿಡುಗಡೆಗೆ ಮುಂಚೆ ಬಹುಕೇಂದ್ರ ಪರೀಕ್ಷೆ ಮಾಡ್ತಾರೆ, ನಮ್ಮಲ್ಲಿ 1965ರಿಂದ ಅಖಿಲ ಭಾರತ ಸಮನ್ವಯಿತ ಭತ್ತ ಯೋಜನೆ ಅದನ್ನ ನಡೆಸ್ಕೊಂಡು ಬಂದಿದೆ, ತುಂಬಾ ಬೆಲೆಬಾಳೋ ವ್ಯವಸ್ಥೆ. ಆದ್ರೆ ಯಾವುದೇ ಇಳುವರಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ರೂಢಿ ಇದೆ, ಪ್ಲಾಟು ಮುಳುಗಿ ಹಾಳಾದ್ರೆ ಆ ಕೇಂದ್ರದ ಅಂಕಿ ಅಂಶ ಬಿಟ್ಟುಬಿಡೋದು, ಏರುಪೇರು ಜಾಸ್ತಿ ಇದೆ, ಹೋಲಿಕೆಗೆ ಬರಲ್ಲ ಅಂತ. ಸಂಖ್ಯಾಶಾಸ್ತ್ರದ ಕಣ್ಣಲ್ಲಿ ಸರಿ, ಆದ್ರೆ ರೈತ ಆ ವರ್ಷವನ್ನ ತನ್ನ ಬದುಕಿಂದ ಬಿಟ್ಟುಬಿಡೋಕಾಗಲ್ಲ.

ಲೆಕ್ಕಕ್ಕೆ ಅಂತ ತಗೊಳ್ಳಿ, ಒಂದು ತಳಿ ನಾಲ್ಕು ವರ್ಷ ಹೆಕ್ಟೇರಿಗೆ 5 ಟನ್ ಕೊಟ್ಟು ನೆರೆ ಬಂದ ವರ್ಷ ಅರ್ಧ ಟನ್ ಕೊಡುತ್ತೆ, ಇನ್ನೊಂದು ನಾಲ್ಕು ವರ್ಷ 4.7 ಟನ್, ನೆರೆ ವರ್ಷ 2.7 ಟನ್. ನೆರೆ ವರ್ಷ ಬಿಟ್ಟು ನೋಡಿದ್ರೆ ಮೊದಲನೇದು ಗೆಲ್ಲುತ್ತೆ, ಐದೂ ವರ್ಷ ಕೂಡಿದ್ರೆ ಮೊದಲನೇದು 20.5, ಎರಡನೇದು 21.5. ಅದರ ಮೇಲೆ, ಅರ್ಧ ಟನ್ ಬಂದ ವರ್ಷ ರೈತ ಬಡ್ಡಿಗೆ ತಂದ ಸಾಲ ಯಾವ ಪಟ್ಟಿಯಲ್ಲೂ ಬರಲ್ಲ. ಸ್ವರ್ಣ ಸಬ್1 ವಿಷಯದಲ್ಲಿ ಆ 0.3 ಟನ್ ಬಿಟ್ಟುಕೊಡೋ ಪ್ರಮೇಯವೇ ಬರಲಿಲ್ಲ, ಅದಕ್ಕೇ ಅದು ಸುಲಭವಾಗಿ ಗೆದ್ದಿತು. ಆದ್ರೆ ಮುಂದೆ ಬರೋ ಎಷ್ಟೋ ತಳಿಗಳಲ್ಲಿ ಅಂಥಾ ಸಣ್ಣ ಕೊರತೆ ಇರುತ್ತೆ, ಅವು ಪಟ್ಟಿಯಲ್ಲೇ ಸೋತು ರೈತರ ಹತ್ರ ಬರೋದೇ ಇಲ್ಲ ಅನ್ನೋದು ನನ್ನ ಚಿಂತೆ.

ಬೀಜ ಇದ್ದರೆ ಸಾಲದು

ನೀರಿಳಿದ ದಿನ ಸಬ್1 ಗದ್ದೆ ಕೂಡ ನೋಡೋಕೆ ಸತ್ತ ಹಾಗೇ ಇರುತ್ತೆ. ಎಲೆ ಮೇಲೆಲ್ಲ ಕೆಸರು, ತುದಿ ಕಂದು, ಗಿಡ ಬಾಗಿರುತ್ತೆ. ಅವಸರ ಮಾಡಿ ಉತ್ತು ಹಾಕಿದ್ರೆ ಬದುಕಿದ್ದ ಬೆಳೆನೇ ಮಣ್ಣುಪಾಲು. ಒಂದು ಗಿಡದ ಬುಡ ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಬೇಕು, ಗಟ್ಟಿಯಾಗಿದ್ದು ಹೊರಗಿನ ಕೊಳೆತ ಎಲೆ ಸುಲಿದಾಗ ಒಳಗೆ ಬಿಳಿ ಹಸಿರು ಸುಳಿ ಕಂಡ್ರೆ ಜೀವ ಇದೆ, ಮೆತ್ತಗೆ ಪಿಚಕ್ಕಂತ ಆಗಿ ವಾಸನೆ ಬಂದ್ರೆ ಹೋಯ್ತು. ಒಂದು ವಾರದೊಳಗೆ ಹೊಸ ಎಲೆ ಬರುತ್ತೆ, ಆಮೇಲೆ ಸ್ವಲ್ಪ ಸಾರಜನಕ ಕೊಟ್ರೆ ಹೊಸ ತೆಂಡೆ ಒಡೆಯುತ್ತೆ, ನೀರಿಳಿದ ದಿನವೇ ಹಾಕಿದ್ರೆ ಪ್ರಯೋಜನ ಇಲ್ಲ, ಅದನ್ನ ಹೀರೋಕೆ ಬೇರುಗಳೇ ಇರಲ್ಲ. ಹೂ ಬಿಡೋದು ಒಂದಷ್ಟು ದಿನ ತಡ ಆಗುತ್ತೆ, ಕೊಯ್ಲಿನ ಲೆಕ್ಕ ಅದಕ್ಕೆ ತಕ್ಕ ಹಾಗೆ ಹಾಕ್ಕೋಬೇಕು. ಸಸಿ ಮಡಿಯಲ್ಲಿ ಬೀಜ ತೆಳುವಾಗಿ ಹಾಕಿ, ಸಸಿ ದಪ್ಪ ಬೆಳೆಸಿ, ಸ್ವಲ್ಪ ಬಲಿತ ಮೇಲೆ ನೆಟ್ರೆ ಉಳಿಯೋ ಪ್ರಮಾಣ ಜಾಸ್ತಿ, ಯಾಕಂದ್ರೆ ಬುಡದಲ್ಲಿ ಕೂಡಿಟ್ಟ ಸಕ್ಕರೆ ಜಾಸ್ತಿ ಇರುತ್ತೆ.

ಎಲ್ಲಿ ಕೆಲಸ ಮಾಡಲ್ಲ

ಇಷ್ಟು ಹೊಗಳಿದ ಮೇಲೆ ಎಲ್ಲಾ ನೀರಿನ ಗದ್ದೆಗೂ ಇದನ್ನೇ ಹಾಕಿ ಅಂತ ಹೇಳೋರನ್ನ ನಾನು ಒಪ್ಪಲ್ಲ. ಮೊಣಕಾಲು ಸೊಂಟದ ಮಟ್ಟ ನೀರು ಒಂದೆರಡು ತಿಂಗಳು ನಿಂತೇ ಇರೋ ಗದ್ದೆಯಲ್ಲಿ ಬೆಳವಣಿಗೆ ತಡೆಯೋ ಈ ಗುಣ ಸಹಾಯ ಮಾಡಲ್ಲ, ಅಲ್ಲಿ ಗಿಡ ನಿಧಾನವಾಗಿ ಉದ್ದ ಆಗಲೇಬೇಕು, ಗಿಡ್ಡ ಸ್ವರ್ಣ ಸಬ್1 ಅಲ್ಲಿ ತೆಂಡೆ ಕಳ್ಕೊಂಡು ಸೊರಗುತ್ತೆ. ನೇರ ಬಿತ್ತನೆ ಮಾಡಿದ ಮರುದಿನವೇ ನೀರು ನಿಂತ್ರೆ ಮೊಳಕೆ ಹಂತದಲ್ಲಿ ಸಬ್1 ಕೈಲಿ ಆಗಲ್ಲ, ಅದಕ್ಕೆ ಬೇರೆ ಜೀನ್ ಬೇಕು, ಬರ್ಮಾದ ಖಾವ್ ಹ್ಲಾನ್ ಆನ್ ಅನ್ನೋ ತಳಿಯಲ್ಲಿ ಸಿಕ್ಕಿದೆ. ಹೂ ಬಿಡೋ ಹೊತ್ತಿಗೆ ಮುಳುಗಿದ್ರೆ ಗಿಡ ಉಳಿದ್ರೂ ಕಾಳು ಜೊಳ್ಳು. ಸಮುದ್ರದ ಉಪ್ಪುನೀರು ನುಗ್ಗಿದ್ರೆ ಅದು ಇನ್ನೊಂದು ಸಮಸ್ಯೆ, ಅದಕ್ಕೆ ಕೇರಳದ ಪೊಕ್ಕಾಳಿ ಭತ್ತದಿಂದ ಬಂದ, ಉಪ್ಪು ತಡೆಯೋ ಸಾಲ್ಟಾಲ್ ಅನ್ನೋ ಜೀನ್ ಭಾಗ ಇದೆ. ಅದೇ ಊರಿನ ಎತ್ತರದ ತುಂಡಿಗೆ 145 ದಿನದ ಸ್ವರ್ಣ ಸಬ್1 ಹಾಕೋದು ದಂಡ, ಮಳೆ ಬೇಗ ನಿಂತ್ರೆ ತೆನೆ ತುಂಬೋ ಹೊತ್ತಿಗೆ ಒಣಗುತ್ತೆ. ಆ ಜಾಗಕ್ಕೆ ಸುಮಾರು 105 ದಿನಕ್ಕೆ ಬರೋ, ಬರ ತಡೆಯೋ ಸಹಭಾಗಿ ಧಾನ್ ಥರದ್ದು ಬೇಕು, ಹಜಾರಿಬಾಗ್ ಕೇಂದ್ರದಲ್ಲಿ ರೈತರ ಜೊತೆ ಸೇರಿ ಆರಿಸಿದ್ದು ಅದು.

ಒಂದೇ ಮುಂಗಾರಲ್ಲಿ ಮೊದಲು ಮುಳುಗಿ ಆಮೇಲೆ ಒಣಗೋ ಗದ್ದೆಗಳೂ ಇವೆ, ಜುಲೈ ಆಗಸ್ಟಲ್ಲಿ ನೆರೆ, ಅಕ್ಟೋಬರಲ್ಲಿ ಮಳೆ ಇಲ್ಲ. ಅಂಥ ಕಡೆಗೆ ಅಂತಾನೇ ಕಟಕ್ ಸಂಸ್ಥೆ ಸಬ್1 ಜೊತೆ ಬರ ತಡೆಯೋ ಗುಣವನ್ನೂ ಸೇರಿಸಿ ಸಿಆರ್ ಧಾನ್ 801, 802 ತಂದಿದೆ. ಇತ್ತ ಸಬ್1ನ್ನ ಸಾಂಬಾ ಮಹಸೂರಿಗೆ, ಅಸ್ಸಾಮಿನ ರಂಜಿತ್ ಮತ್ತು ಬಹಾದುರ್‌ಗೆ, ತಮಿಳುನಾಡು ಕಡೆಯ ಸಿಆರ್1009ಗೆ ಸೇರಿಸಿದ್ದಾರೆ, ಪ್ರತಿ ಕಡೆಯೂ ಅಲ್ಲಿನ ರೈತರು ಆಗ್ಲೇ ಒಪ್ಪಿದ್ದ ತಳಿಯನ್ನೇ ಹಿಡಿದು. ಆ ತಳಿಗಳಿಗೆ ವಯಸ್ಸಾಗ್ತಾ ಬಂದಿದೆ, ಸ್ವರ್ಣವೇ ನಲವತ್ತು ವರ್ಷ ದಾಟಿದೆ, ರೋಗ ಕೀಟಗಳ ಎದುರು ಹಳೇ ಬಲ ಇಲ್ಲ. ಈಗ ಬರ್ತಿರೋ ಹೊಸ ತಳಿಗಳಿಗೆ ಮೊದಲಿಂದ್ಲೇ ಸಬ್1 ಇಟ್ಟು ಸಾಗಿಸಬೇಕು, ಬಿಡುಗಡೆ ಆಗಿ ಹರಡಿ ಮುಳುಗಿದ ಮೇಲೆ ಸೇರಿಸೋಕೆ ಹೊರಟ್ರೆ ಮತ್ತೆ ಅಷ್ಟೇ ವರ್ಷ ಕಾಯಬೇಕಾಗುತ್ತೆ. ಪರೀಕ್ಷೆ ಮಾಡೋ ಕೇಂದ್ರಗಳಲ್ಲಿ ತಗ್ಗಿನ ಗದ್ದೆಯ ಪಾಲು ಹೆಚ್ಚಬೇಕು, ಮುಳುಗಿದ ಪ್ಲಾಟಿನ ಅಂಕಿಯನ್ನ ಬಿಸಾಕದೆ ಎಷ್ಟು ದಿನ, ಎಷ್ಟು ಆಳ, ನೀರು ಕೆಸರಾ ತಿಳಿಯಾ ಅಂತ ಬರೆದು ಬೇರೆ ಪಟ್ಟಿಯಲ್ಲಿ ಇಡಬೇಕು, ಬಿಡುಗಡೆ ತೀರ್ಮಾನ ಮಾಡೋರ ಮೇಜಿಗೆ ಆ ಪಟ್ಟಿಯೂ ಹೋಗಬೇಕು.